ಜೈನಕಾಶಿ ಮೂಡಬಿದಿರೆ: ಸೆಟ್ಟಿಕಾರರ ಬಸದಿಗಳೂ ಸಿದ್ಧಾಂತದ ಓಲೆಗಳೂ

ಮಂಗಳೂರಿನಿಂದ ಈಶಾನ್ಯಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿ, ಕಾರ್ಕಳಕ್ಕೆ ಹೋಗುವ ಹಾದಿಯಲ್ಲಿ ಮೂಡಬಿದಿರೆ ಎಂಬ ಚಿಕ್ಕ ಪಟ್ಟಣವಿದೆ. ಬಿದಿರ ಮೆಳೆಗಳಿಂದ ತುಂಬಿದ್ದ ಕಾರಣ ಬಿದಿರೆ ಎಂದೂ, ಕಡಲ ತಡಿಯ ಪಡುಬಿದಿರೆಯಿಂದ ಬೇರೆಯೆಂದು ತಿಳಿಯುವಂತೆ ಮೂಡಬಿದಿರೆ ಎಂದೂ ಹೆಸರಾಯಿತು. ಸಂಸ್ಕೃತದಲ್ಲಿ ಬರೆದವರು ಇದನ್ನೇ ವೇಣುಪುರ, ವಂಶಪುರ ಎಂದು ಕರೆದಿದ್ದಾರೆ. ಶ್ರಾವಕರ ಬಾಯಲ್ಲಿ ಮಾತ್ರ ಇದು ಜೈನಕಾಶಿ. ಒಂದು ಗಳಿಗೆಯಲ್ಲಿ ನಡೆದು ಮುಗಿಸಬಹುದಾದಷ್ಟು ಕಿರಿದಾದ ಊರಿನಲ್ಲಿ ಹದಿನೆಂಟು ಬಸದಿಗಳು ನಿಂತಿರುವುದನ್ನು ಕಂಡ ಯಾತ್ರಿಕನಿಗೆ ಈ ಹೆಸರು ಅತಿಶಯೋಕ್ತಿಯಾಗಿ ತೋರಲಾರದು.

ತೀರ್ಥಕ್ಷೇತ್ರಗಳ ಚರಿತ್ರೆಯನ್ನು ಬರೆಯುವಾಗ ಅರಸರ ವಂಶಾವಳಿಯಿಂದ ಆರಂಭಿಸುವುದು ರೂಢಿ. ಮೂಡಬಿದಿರೆಯ ವಿಷಯದಲ್ಲಿ ಆ ರೂಢಿ ಅಷ್ಟಾಗಿ ಒಪ್ಪುವುದಿಲ್ಲ. ಇಲ್ಲಿನ ಬಸದಿಗಳ ಹೆಸರುಗಳನ್ನು ಒಮ್ಮೆ ಹೇಳಿಕೊಂಡು ನೋಡಬೇಕು: ವಿಕ್ರಮಸೆಟ್ಟಿ ಬಸದಿ, ಮಹಾದೇವಸೆಟ್ಟಿ ಬಸದಿ, ಚೋಳಸೆಟ್ಟಿ ಬಸದಿ, ದೇರಮ್ಮಸೆಟ್ಟಿ ಬಸದಿ, ಶೆಟ್ಟರ ಬಸದಿ. ಇವರಾರೂ ಸಿಂಹಾಸನವೇರಿದವರಲ್ಲ; ಪಟ್ಟ ಕಟ್ಟಿಸಿಕೊಂಡವರಲ್ಲ. ಅಕ್ಕಿ, ಕರಿಮೆಣಸು, ಬಟ್ಟೆಬರೆಗಳ ವ್ಯಾಪಾರದಲ್ಲಿ ಗಳಿಸಿದ್ದನ್ನು ಕಲ್ಲಾಗಿ ನಿಲ್ಲಿಸಿ ಹೋದ ವರ್ತಕರು. ಅವರ ಅಂಗಡಿಗಳು ಎಲ್ಲಿದ್ದುವೆಂದು ಇಂದು ಯಾರೂ ತೋರಿಸಲಾರರು. ಅವರು ಕಟ್ಟಿಸಿದ ಜಿನಾಲಯಗಳಲ್ಲಿ ಮಾತ್ರ ಈಗಲೂ ದೀಪ ಉರಿಯುತ್ತಿದೆ.

ಊರಿನ ಮೊದಲ ಬಸದಿಯೆಂದು ಪರಂಪರೆಯು ಹೇಳುವುದು ಗುರುಬಸದಿಯನ್ನು. ಇದಕ್ಕೆ ಹಳೆಯ ಬಸದಿ, ಸಿದ್ಧಾಂತ ಬಸದಿ ಎಂಬ ಹೆಸರುಗಳೂ ಉಂಟು. ಶ್ರವಣಬೆಳಗೊಳದ ಕಡೆಯಿಂದ ವಿಹಾರ ಮಾಡುತ್ತ ಬಂದ ಮುನಿಯೊಬ್ಬರು ಇಲ್ಲಿನ ಬಿದಿರುಕಾಡಿನಲ್ಲಿ ಹುಲಿಯೂ ಹಸುವೂ ಜೊತೆಯಾಗಿ ಆಡುತ್ತಿದ್ದುದನ್ನು ಕಂಡು ಬೆರಗಾದರೆಂದೂ, ಆ ಸ್ಥಳವನ್ನು ಶೋಧಿಸಿದಾಗ ಪಾರ್ಶ್ವನಾಥ ಸ್ವಾಮಿಯ ಕೃಷ್ಣಶಿಲಾ ಬಿಂಬವು ದೊರೆಯಿತೆಂದೂ, ಅದನ್ನೇ ಪ್ರತಿಷ್ಠಿಸಿದರೆಂದೂ ಐತಿಹ್ಯವಿದೆ. ಇದು ನಡೆದದ್ದು ಎಂಟನೆಯ ಶತಮಾನದಲ್ಲಿ ಎಂಬುದು ನಂಬುಗೆ. ಐತಿಹ್ಯವನ್ನು ಶಾಸನದಂತೆ ಓದಲಾಗದು. ಹಾಗೆಂದು ಅದನ್ನು ಬದಿಗೆ ಸರಿಸಬೇಕಾಗಿಯೂ ಇಲ್ಲ. ಹುಲಿ ಹಸುಗಳು ವೈರ ಮರೆತ ನೆಲವೇ ಅಹಿಂಸಾ ಪ್ರಭುವಿನ ಪೀಠಕ್ಕೆ ತಕ್ಕುದೆಂದು ಹಿರಿಯರು ಭಾವಿಸಿದ್ದರು ಎಂಬಷ್ಟು ಸತ್ಯವಂತೂ ಅದರಲ್ಲಿ ಇದ್ದೇ ಇದೆ.

ಹಳೆಯ ಬಸದಿಯೊಂದು ಇದ್ದುದರಿಂದಲೇ ಮುಂದೆ ಕಟ್ಟಿದ್ದಕ್ಕೆ ಹೊಸ ಬಸದಿ ಎಂಬ ಹೆಸರು ಬಂದಿತು. ಆ ಹೊಸದಕ್ಕೆ ಈಗ ಆರುನೂರು ವರ್ಷಗಳಾಗುತ್ತ ಬಂದಿವೆ. ತ್ರಿಭುವನತಿಲಕ ಚೂಡಾಮಣಿ ಚೈತ್ಯಾಲಯವೆಂಬುದು ಇದರ ಶಾಸ್ತ್ರೋಕ್ತ ನಾಮಧೇಯ; ಜನರು ಕರೆಯುವುದು ಸಾವಿರ ಕಂಬದ ಬಸದಿ ಎಂದು. ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ, ಮಂಗಳೂರು ರಾಜ್ಯವನ್ನು ದೇವರಾಜ ಒಡೆಯನು ಆಳುತ್ತಿರಲಾಗಿ, 1430ರ ಸುಮಾರಿನಲ್ಲಿ ಇದು ನಿರ್ಮಾಣವಾಯಿತು. ಅಭಿನವ ಚಾರುಕೀರ್ತಿ ಸ್ವಾಮಿಗಳ ಉಪದೇಶದಂತೆ ಬಿದಿರೆಯ ಸೆಟ್ಟಿಕಾರರೆಲ್ಲ ಕೂಡಿ ಕಟ್ಟಿಸಿದರೆಂಬುದು ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಸಂಗತಿ. ಅರಸನ ಹೆಸರು ಕಾಲನಿರ್ದೇಶನಕ್ಕಾಗಿ ಬಂದಿದೆ; ಕೆಲಸ ಊರವರದು. ಒಬ್ಬನೇ ಧನಿಕನು ಕಟ್ಟಿಸಿದ ಬಸದಿಗೆ ಅವನ ಹೆಸರು ನಿಲ್ಲುತ್ತದೆ. ಎಲ್ಲರೂ ಕೂಡಿ ಕಟ್ಟಿಸಿದ ಈ ಬಸದಿಗೆ ಯಾರ ಹೆಸರೂ ನಿಂತಿಲ್ಲ; ಕಂಬಗಳ ಹೆಸರು ನಿಂತಿತು.

ಕಂಬಗಳು ನಿಜವಾಗಿಯೂ ಸಾವಿರ ಇವೆಯೇ ಎಂದು ಎಣಿಸಹೊರಟವರು ಬಹಳ ಮಂದಿ. ಗೋಪುರದ ಕಿರುಗಂಬಗಳನ್ನೂ, ಗೋಡೆಯೊಳಗೆ ಅರ್ಧ ಹುದುಗಿದವನ್ನೂ ಲೆಕ್ಕಕ್ಕೆ ಹಿಡಿಯಬೇಕೇ ಬೇಡವೇ ಎಂಬಲ್ಲಿಯೇ ಎಣಿಕೆ ತಪ್ಪುತ್ತದೆ. ಒಂದರಂತೆ ಇನ್ನೊಂದಿಲ್ಲವೆಂಬ ಪ್ರತೀತಿ ಇದೆ. ನಿಧಾನವಾಗಿ ಸುತ್ತು ಬಂದು ನೋಡಿದರೆ ಆ ಮಾತಿನಲ್ಲಿ ಹುರುಳಿದೆಯೆಂದು ತಿಳಿಯುತ್ತದೆ: ಒಂದು ಚೌಕ, ಒಂದು ಎಂಟುಮೂಲೆ, ಒಂದರ ಮೇಲೆ ಬಳ್ಳಿ, ಇನ್ನೊಂದರ ಮೇಲೆ ಹೆಣೆದ ಹಗ್ಗದಂಥ ಗಂಟು. ಶಿಲ್ಪಿಗಳಿಗೆ ಅವಸರವಿರಲಿಲ್ಲ; ಕೊಡುವವರಿಗೂ ಕೂಲಿಯ ಲೆಕ್ಕದಲ್ಲಿ ಜಿಪುಣತನವಿರಲಿಲ್ಲ.

ಬಸದಿಯು ಒಮ್ಮೆಗೇ ಮುಗಿದ ಕಟ್ಟಡವಲ್ಲ. ಮುಂದಿನ ಭೈರಾದೇವಿ ಮಂಟಪವು 1451ರಲ್ಲಿ, ವಿಜಯನಗರದ ಮಲ್ಲಿಕಾರ್ಜುನನ ಆಳ್ವಿಕೆಯಲ್ಲಿ ಸೇರಿತು. ಅದರಿಂದ ಒಳಕ್ಕೆ ಚಿತ್ರಮಂಟಪ, ಗದ್ದಿಗೆ ಮಂಟಪ, ತೀರ್ಥಂಕರ ಮಂಟಪಗಳನ್ನು ದಾಟಿ ಹೋದಂತೆ ಬೆಳಕು ಮೆಲ್ಲಮೆಲ್ಲನೆ ಕುಂದುತ್ತದೆ. ಕೊನೆಗೆ ಗರ್ಭಗೃಹದ ದೀಪದ ಬೆಳಕಿನಲ್ಲಿ ಎಂಟನೆಯ ತೀರ್ಥಂಕರನಾದ ಚಂದ್ರನಾಥ ಸ್ವಾಮಿಯ ಆಳೆತ್ತರ ಮೀರಿದ ಪಂಚಲೋಹದ ಬಿಂಬ ಕಾಣುತ್ತದೆ. ಹೊರಗೆ ನಿಂತಿರುವ ಏಕಶಿಲಾ ಮಾನಸ್ತಂಭವು ಕಾರ್ಕಳದ ಭೈರರಸರ ರಾಣಿ ನಾಗಲದೇವಿಯ ಸೇವೆಯೆಂದು ಹೇಳುವುದುಂಟು. ಅಳಿಯಸಂತಾನದ ತುಳುನಾಡಿನಲ್ಲಿ ಆಸ್ತಿಯು ಹೆಣ್ಣಿನ ಸಂತತಿಯಲ್ಲಿ ಹರಿದುಬರುತ್ತಿದ್ದುದರಿಂದ ಧರ್ಮಕಾರ್ಯಗಳಲ್ಲಿ ಶ್ರಾವಿಕೆಯರ ಹೆಸರು ಮುಂದಾಗಿ ಕಾಣುವುದು ಸಹಜವೇ ಆಗಿದೆ.

ಈ ಕಟ್ಟಡದ ಮೇಲಿನ ಅಂತಸ್ತುಗಳು ಮರದವು. ಇಳಿಜಾರಾದ ಮಾಡುಗಳು ಒಂದರ ಮೇಲೊಂದು ಕಿರಿದಾಗುತ್ತ ಏರಿವೆ. ವಾಸ್ತುಶಿಲ್ಪದ ಚರಿತ್ರೆ ಬರೆದ ಫರ್ಗ್ಯುಸನ್ ಎಂಬ ಸ್ಕಾಟಿಷ್ ವಿದ್ವಾಂಸನು 1876ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಶೈಲಿಯನ್ನು ನೇಪಾಳದ ಕಟ್ಟಡಗಳಿಗೆ ಹೋಲಿಸಿದನು. ಹೋಲಿಕೆ ಕಣ್ಣಿಗೆ ಕಾಣುವಂಥದೇ. ಆದರೆ ತುಳುನಾಡಿನವರಿಗೆ ಮಾಡು ಇಳಿಜಾರಾಗಿರಬೇಕೆಂದು ಕಲಿಸಲು ನೇಪಾಳದಿಂದ ಯಾರೂ ಬರಬೇಕಾಗಿರಲಿಲ್ಲ. ಆಟಿಯ ಮಳೆಯೇ ಕಲಿಸಿತು. ಬಯಲುಸೀಮೆಯ ಬಸದಿಗಳಂತೆ ಚಪ್ಪಟೆ ಚಾವಣಿ ಮಾಡಿದ್ದರೆ ನಾಲ್ಕು ಮಳೆಗಾಲಗಳಲ್ಲಿ ನೀರು ಗರ್ಭಗೃಹಕ್ಕೆ ಇಳಿಯುತ್ತಿತ್ತು. ಆದುದರಿಂದಲೇ ಇಲ್ಲಿನ ಶಿಲ್ಪಿಗಳು ಕಲ್ಲುಚಪ್ಪಡಿಗಳನ್ನು ಕೂಡ ಮನೆಯ ಮಾಡಿನಂತೆ ಓರೆಯಾಗಿ, ಒಂದರಂಚು ಇನ್ನೊಂದರ ಮೇಲೆ ಬರುವಂತೆ ಹಾಸಿದರು. ಜಗಲಿಯ ಹೊರಗೆ ಸಾಲುಗಂಬಗಳನ್ನಿಟ್ಟು ಇರಚಲು ಗೋಡೆಗೆ ತಾಗದಂತೆ ಮಾಡಿದರು. ಬಸದಿಯು ಹೊರನೋಟಕ್ಕೆ ದೊಡ್ಡದೊಂದು ಗುತ್ತಿನ ಮನೆಯಂತೆ ಕಾಣುವುದು ಈ ಕಾರಣದಿಂದಲೇ.

ಭೈರಾದೇವಿ ಮಂಟಪದ ತಳಪಟ್ಟಿಯ ಕೆತ್ತನೆಗಳಲ್ಲಿ ಎರಡು ಪ್ರಾಣಿಗಳಿವೆ. ಒಂದು ನೀಳವಾದ ಕತ್ತಿನ ಜಿರಾಫೆ; ಮತ್ತೊಂದು ಚೀನಾ ದೇಶದ ಡ್ರ್ಯಾಗನ್. ಎರಡೂ ಭಾರತದ ಪ್ರಾಣಿಗಳಲ್ಲ. ಒಂದಂತೂ ಲೋಕದಲ್ಲಿಯೇ ಇಲ್ಲ. ಹಾಗಾದರೆ ಬಿದಿರೆಯ ಕಲ್ಲುಕುಟಿಗನ ಉಳಿಗೆ ಅವು ಎಲ್ಲಿಂದ ಬಂದುವು? ಅದೇ ಶತಮಾನದ ಆರಂಭದಲ್ಲಿ ಚೀನಾದ ಝೆಂಗ್ ಹೆ ಎಂಬ ನೌಕಾಧಿಪತಿಯ ಹಡಗುಗಳು ಕಲ್ಲಿಕೋಟೆಗೆ ಮತ್ತೆ ಮತ್ತೆ ಬಂದಿದ್ದುವು. 1415ರಲ್ಲಿ ಆಫ್ರಿಕಾದ ಮಲಿಂದಿಯಿಂದ ಚೀನಾದ ಚಕ್ರವರ್ತಿಗೆ ಜಿರಾಫೆಯೊಂದು ಕಾಣಿಕೆಯಾಗಿ ಹೋದುದು ಇತಿಹಾಸದಲ್ಲಿ ದಾಖಲಾಗಿದೆ. ತುಳುನಾಡಿನ ರೇವುಗಳಲ್ಲಿ ಅರಬರೂ ಇತರ ಪರದೇಶಿ ನಾವಿಕರೂ ಮೆಣಸಿಗಾಗಿ, ಅಕ್ಕಿಗಾಗಿ ಕಾದಿರುತ್ತಿದ್ದ ಕಾಲವದು. ಸರಕಿನ ಜೊತೆಗೆ ಸುದ್ದಿಯೂ ಚಿತ್ರವೂ ಕೈ ಬದಲಾಯಿಸುವುದು ವ್ಯಾಪಾರದ ಸ್ವಭಾವ. ಬಿದಿರೆಯ ಸೆಟ್ಟಿಕಾರರ ಸಂಪರ್ಕ ಎಲ್ಲಿಯವರೆಗೆ ಚಾಚಿತ್ತೆಂಬುದಕ್ಕೆ ಈ ಎರಡು ಕೆತ್ತನೆಗಳು ಸಾಕ್ಷಿಯಾಗಿ ಉಳಿದಿವೆ. ಬಸದಿಗೆ ಬರುವ ಯಾತ್ರಿಕರಲ್ಲಿ ಅನೇಕರು ಇವನ್ನು ನೋಡದೆ ಹಿಂತಿರುಗುವರು.

ಉಳಿದ ಬಸದಿಗಳನ್ನು ಒಂದೊಂದಾಗಿ ವಿವರಿಸಲು ಇಲ್ಲಿ ಅವಕಾಶವಿಲ್ಲ. ಬಡಗ ಬಸದಿ, ಪಡು ಬಸದಿ, ಕೆರೆ ಬಸದಿ, ಕಲ್ಲು ಬಸದಿ, ಕೋಟಿ ಬಸದಿ, ಬೆಟ್ಕೇರಿ ಬಸದಿ ಇವೆಲ್ಲ ತಮ್ಮ ಹೆಸರಿನಲ್ಲಿಯೇ ತಮ್ಮ ಗುರುತನ್ನು ಹೊತ್ತಿವೆ. ಲೆಪ್ಪದ ಬಸದಿಯ ಬಿಂಬವು ಲೇಪದಿಂದ ರೂಪಿಸಿದ್ದು. ನೀರು ತಾಗಿದರೆ ಕರಗುವ ದೇಹವುಳ್ಳ ಆ ಬಿಂಬವು ಇಷ್ಟು ಕಾಲ ಉಳಿದುಬಂದಿರುವುದರ ಹಿಂದೆ ತಲೆತಲಾಂತರದ ಇಂದ್ರರ ಎಚ್ಚರಿಕೆ ಇದೆ. ಪೂಜೆಯೆಂದರೆ ಒಂದರ್ಥದಲ್ಲಿ ಕಾಯುವುದೂ ಅಹುದು.

ಚೌಟರ ಅರಮನೆಯನ್ನು ಬಿಟ್ಟು ಮೂಡಬಿದಿರೆಯ ವರ್ಣನೆ ಪೂರ್ಣವಾಗದು. ಉಳ್ಳಾಲದಲ್ಲಿ ಪೋರ್ಚುಗೀಸರನ್ನು ಎದುರಿಸಿದ ವೀರರಾಣಿ ಅಬ್ಬಕ್ಕ ಈ ಜೈನ ಮನೆತನದವಳೇ. ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ನಾರಿಯರು ಕೂಡಿ ಆನೆಯಾದ ನವನಾರೀಕುಂಜರವೂ, ಐವರು ಕೂಡಿ ಕುದುರೆಯಾದ ಪಂಚನಾರೀತುರಗವೂ ಇವೆ. ಆನೆ ಮೊದಲು ಕಾಣುವುದೋ ಹೆಂಗಳೆಯರು ಮೊದಲು ಕಾಣುವರೋ ಎಂಬುದು ನೋಡುವವರ ಕಣ್ಣಿಗೆ ಬಿಟ್ಟದ್ದು. ಕೊಡಂಗಲ್ಲಿನ ಕಡೆಗೆ ಹೋದರೆ ಮುರಕಲ್ಲಿನ ನಿಷಿಧಿಗಳ ಸಾಲು ಸಿಕ್ಕುತ್ತದೆ. ಮಾಡಿನ ಮೇಲೆ ಮಾಡು ಇಟ್ಟಂತೆ ಕಿರಿದಾಗುತ್ತ ಏರುವ ಈ ಸಮಾಧಿಗಳು ಹದಿನೆಂಟರಷ್ಟಿದ್ದು, ಸಾಮಾನ್ಯವಾಗಿ ಮುನಿಗಳವೆಂದು ಹೇಳಲಾಗುತ್ತದೆ. ಬರಹದಿಂದ ಗುರುತು ಹತ್ತಿದ ಎರಡು ಮಾತ್ರ ಸೆಟ್ಟಿಗಳವೆಂದು ತಿಳಿದವರ ಅಭಿಪ್ರಾಯ. ಭರತೇಶವೈಭವದ ಕವಿ ರತ್ನಾಕರವರ್ಣಿಯೂ ಈ ಊರಿನವನೇ ಎಂದ ಮೇಲೆ ಬಿದಿರೆಯ ಮಣ್ಣಿನಲ್ಲಿ ಕಲ್ಲಷ್ಟೇ ಅಲ್ಲದೆ ಕನ್ನಡವೂ ಹುಲುಸಾಗಿ ಬೆಳೆಯಿತೆನ್ನಬೇಕು.

ಆದರೆ ಮೂಡಬಿದಿರೆಯ ಹೆಸರನ್ನು ಭಾರತದ ಜೈನಸಮಾಜದ ಮನೆಮನೆಗೂ ಒಯ್ದದ್ದು ಕಲ್ಲಿನ ಬಸದಿಯಲ್ಲ. ಗುರುಬಸದಿಯ ಒಳಗೆ ಬಟ್ಟೆ ಸುತ್ತಿ ಇರಿಸಿದ್ದ ತಾಳೆಯೋಲೆಯ ಕಟ್ಟುಗಳು. ಗಿರಿನಗರದ ಚಂದ್ರಗುಹೆಯಲ್ಲಿ ಧರಸೇನಾಚಾರ್ಯರು ಪುಷ್ಪದಂತ ಭೂತಬಲಿಗಳಿಗೆ ಧಾರೆಯೆರೆದ ಶ್ರುತಜ್ಞಾನವು ಷಟ್ಖಂಡಾಗಮವಾಯಿತು. ಅದಕ್ಕೆ ವೀರಸೇನಾಚಾರ್ಯರು 72 ಸಾವಿರ ಶ್ಲೋಕಪ್ರಮಾಣದ ಧವಲಾ ಟೀಕೆಯನ್ನು ರಚಿಸಿ ಶಕ 738ರಲ್ಲಿ, ಅಂದರೆ 816ರಲ್ಲಿ ಮುಗಿಸಿದರು. ಗುಣಧರಾಚಾರ್ಯರ ಕಸಾಯಪಾಹುಡಕ್ಕೆ ಅವರು ಆರಂಭಿಸಿದ ಜಯಧವಲಾ ಟೀಕೆಯನ್ನು ಶಿಷ್ಯರಾದ ಜಿನಸೇನಾಚಾರ್ಯರು 837ರಲ್ಲಿ, ಅಮೋಘವರ್ಷನ ಕಾಲದಲ್ಲಿ ಪೂರ್ಣಗೊಳಿಸಿದರು. ಅದರ ಪ್ರಮಾಣ 60 ಸಾವಿರ. ಭೂತಬಲಿಗಳ ಮಹಾಬಂಧವು ಮಹಾಧವಲವೆಂದು ಹೆಸರಾಯಿತು. ಲೋಕದಲ್ಲಿ ಈ ಮೂರು ಸಿದ್ಧಾಂತಗ್ರಂಥಗಳ ಪ್ರಾಚೀನ ಪ್ರತಿಗಳು ಉಳಿದದ್ದು ಮೂಡಬಿದಿರೆಯೊಂದರಲ್ಲಿಯೇ.

ಓಲೆಗಳು ಹುಟ್ಟಿದ್ದು ಇಲ್ಲಲ್ಲ. ಹನ್ನೆರಡನೆಯ ಶತಮಾನದ ಆದಿಯಲ್ಲಿ ಘಟ್ಟದ ಮೇಲೆ ಹಳಗನ್ನಡ ಲಿಪಿಯಲ್ಲಿ ಬರೆಯಿಸಿದವು ಅವು. ಧವಲಾ ಪ್ರತಿಯನ್ನು ಬನ್ನಿಕೆರೆಯ ಚೈತ್ಯಾಲಯದ ಸಂಬಂಧವಿದ್ದ ದೇಮಿಯಕ್ಕ ಎಂಬ ಶ್ರಾವಿಕೆ ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಶಾಸ್ತ್ರದಾನವಾಗಿ ಒಪ್ಪಿಸಿದಳು. ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆ ಎಂಬಾಕೆ ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ಕೆಲವು ಓಲೆಗಳ ಮೇಲೆ ಜಿನರ, ಯಕ್ಷಯಕ್ಷಿಯರ ವರ್ಣಚಿತ್ರಗಳೂ ಇದ್ದು ದಕ್ಷಿಣದ ಹಸ್ತಪ್ರತಿ ಚಿತ್ರಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಸೇರಿವೆ. ಘಟ್ಟದ ಮೇಲೆ ಕಾಲ ಕೆಟ್ಟಾಗ ಈ ನಿಧಿ ಬಿದಿರೆಗೆ ಇಳಿದು ಬಂದಿತೆಂದು ತಿಳಿಯುತ್ತಾರೆ. ಅಂದಿನಿಂದ ಅದು ದರ್ಶನದ ವಸ್ತುವಾಯಿತು. ಯಾತ್ರಿಕರು ಬಂದು, ರತ್ನಬಿಂಬಗಳ ಜೊತೆಗೆ ಸಿದ್ಧಾಂತಕ್ಕೂ ಕೈಮುಗಿದು, ಕಾಣಿಕೆಯಿಟ್ಟು ಹೋಗುತ್ತಿದ್ದರು. ಓದುವವರು ಇರಲಿಲ್ಲ. ಓಲೆ ಮಾತ್ರ ವರ್ಷವರ್ಷಕ್ಕೆ ಹುಡಿಯಾಗುತ್ತಿತ್ತು.

1883ರಲ್ಲಿ ಮುಂಬಯಿಯ ರತ್ನವರ್ತಕರಾದ ಸೇಠ್ ಮಾಣಿಕಚಂದರು ಸಂಘ ಸಮೇತ ಯಾತ್ರೆಗೆ ಬಂದು ದರ್ಶನ ಪಡೆದರು. ರತ್ನಗಳ ಬೆಲೆ ಬಲ್ಲ ಆ ಕಣ್ಣು ರತ್ನಬಿಂಬಗಳಿಗಿಂತ ಹೆಚ್ಚಾಗಿ ಓಲೆಗಳ ಮೇಲೆ ನಿಂತಿತು. ಅವು ಜೀರ್ಣವಾಗುತ್ತಿರುವುದನ್ನು ಕಂಡ ಅವರು ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರಿಗೆ ತಿಳಿಸಿದರು. ಇಬ್ಬರೂ ಸೇರಿ ಮಠವನ್ನೂ ಊರಿನ ಪಂಚರನ್ನೂ ಒಪ್ಪಿಸಲು ವರ್ಷಗಳೇ ಹಿಡಿದುವು. ಪ್ರತಿ ಮಾಡಬಹುದು, ಆದರೆ ಪ್ರತಿಯೂ ಬಿದಿರೆಯಲ್ಲಿಯೇ ಇರಬೇಕು, ಹೊರಗೆ ಹೋಗಕೂಡದು ಎಂಬ ನಿಯಮದ ಮೇಲೆ 1896ರಲ್ಲಿ ಕಾರ್ಯ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮೀರಜಿನ ಗಜಪತಿ ಶಾಸ್ತ್ರಿಗಳೂ ಬರೆಯಲು ಕುಳಿತರು. ಬ್ರಹ್ಮಸೂರಿ ಶಾಸ್ತ್ರಿಗಳು ನಡುವೆಯೇ ಸ್ವರ್ಗಸ್ಥರಾದರು. ಮೂರು ಗ್ರಂಥಗಳ ಪ್ರತಿಯೂ ಮುಗಿಯುವ ವೇಳೆಗೆ ಕಾಲು ಶತಮಾನವೇ ಕಳೆದಿತ್ತು.

ಈ ನಡುವೆ ನಡೆದ ಒಂದು ಸಂಗತಿಯ ಬಗ್ಗೆ ಇಂದಿಗೂ ಎರಡು ಅಭಿಪ್ರಾಯಗಳಿವೆ. ಗಜಪತಿ ಶಾಸ್ತ್ರಿಗಳು ಮಠಕ್ಕಾಗಿ ಹಗಲು ಬರೆಯುತ್ತಿದ್ದುದಲ್ಲದೆ, ಯಾರಿಗೂ ತಿಳಿಯದಂತೆ ತಮ್ಮ ಪತ್ನಿಯ ನೆರವಿನಿಂದ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿದರು. ಅದನ್ನು ಮೊದಲು ಮುಂಬಯಿ ಸೊಲ್ಲಾಪುರಗಳ ಸೇಠರ ಮುಂದೆಯೇ ಇಟ್ಟರು. ಕೊಟ್ಟ ಮಾತಿಗೆ ವಿರುದ್ಧವಾಗಿ ಆದ ಪ್ರತಿಯನ್ನು ಅವರಿಬ್ಬರೂ ಕೊಳ್ಳಲಿಲ್ಲ. ಇಷ್ಟು ವರ್ಷ ಯಾವುದಕ್ಕಾಗಿ ಹಂಬಲಿಸಿದ್ದರೋ ಅದೇ ಮನೆ ಬಾಗಿಲಿಗೆ ಬಂದಾಗ ಬೇಡವೆಂದು ಕಳುಹಿಸಿದ ಆ ವರ್ತಕರ ನಡತೆ ಸಾಮಾನ್ಯವಾದುದಲ್ಲ. ಕೊನೆಗೆ ಆ ಪ್ರತಿಯು ಉತ್ತರದ ಸಹಾರನಪುರದ ಲಾಲಾ ಜಂಬೂಪ್ರಸಾದರ ಕೈ ಸೇರಿತು. ಅಲ್ಲಿ ಅದನ್ನು ನಾಗರಿಗೆ ಇಳಿಸಿದ ಸೀತಾರಾಮ ಶಾಸ್ತ್ರಿಗಳು ತಾವೂ ಒಂದು ಪ್ರತಿಯನ್ನು ಉಳಿಸಿಕೊಂಡು, ಅದರಿಂದ ಮತ್ತೆ ಹಲವು ಪ್ರತಿಗಳು ಹುಟ್ಟಿ ಊರೂರಿಗೆ ಹರಡಿದುವು. ನಂಬಿಕೆ ಮುರಿದದ್ದು ತಪ್ಪೆಂದು ಹೇಳುವವರ ಮಾತನ್ನು ಅಲ್ಲಗಳೆಯಲಾಗದು. ಆ ತಪ್ಪು ನಡೆಯದಿದ್ದರೆ ಎಷ್ಟು ಕಾಲ ಸಿದ್ಧಾಂತವು ಬಟ್ಟೆಯೊಳಗೆ ಇರುತ್ತಿತ್ತೋ ಎಂಬ ಪ್ರಶ್ನೆಯೂ ಹಾಗೆಯೇ ಉಳಿಯುತ್ತದೆ. ಪ್ರತಿ ಬರೆದವನ ಆಸೆ ಹಣದ್ದೇ ಇರಬಹುದು. ಆದರೂ ಲಕ್ಷಕ್ಕೆ ಮೀರಿದ ಶ್ಲೋಕಪ್ರಮಾಣವನ್ನು ಎರಡೆರಡು ಸಲ ಬರೆಯುವ ತಾಳ್ಮೆ ಬರಿಯ ಹಣದಾಸೆಯಿಂದ ಬರುವಂಥದಲ್ಲ.

ಹೀಗೆ ಹೊರಬಿದ್ದ ಪ್ರತಿಗಳ ಆಧಾರದ ಮೇಲೆಯೇ ಅಮರಾವತಿಯ ಪ್ರೊಫೆಸರ್ ಹೀರಾಲಾಲ ಜೈನರು ಧವಲಾದ ಸಂಪಾದನೆಗೆ ತೊಡಗಿದರು. ಭೇಲಸಾದ ಸೇಠ್ ಲಕ್ಷ್ಮೀಚಂದರ ದಾನದಿಂದ 1939ರಲ್ಲಿ ಮೊದಲ ಸಂಪುಟ ಮುದ್ರಣವಾಯಿತು. 1958ರ ವೇಳೆಗೆ ಹದಿನಾರು ಸಂಪುಟಗಳು ಪೂರ್ಣಗೊಂಡುವು. ಮುದ್ರಿತ ಗ್ರಂಥವನ್ನು ಕಂಡ ಮೇಲೆ ಮೂಡಬಿದಿರೆಯವರ ಮನಸ್ಸೂ ಕರಗಿತು. ಮಠದ ಅನುಮತಿಯಿಂದ ಮೂಲ ಓಲೆಗಳೊಡನೆ ಪಾಠವನ್ನು ಒಪ್ಪಿಟ್ಟು ನೋಡುವ ಕಾರ್ಯ ಆರಂಭವಾಯಿತು. ಪಂಡಿತ ಲೋಕನಾಥ ಶಾಸ್ತ್ರಿಗಳೇ ಮೊದಲಾದ ಸ್ಥಳೀಯ ವಿದ್ವಾಂಸರು ಕುಳಿತು ಓದಿದರು. ಮಹಾಬಂಧವು ಭಾರತೀಯ ಜ್ಞಾನಪೀಠದಿಂದ 1947ರಿಂದ 1958ರವರೆಗೆ ಏಳು ಸಂಪುಟಗಳಲ್ಲಿ ಹೊರಬಂದಿತು. ಅದೇ ಸಂಸ್ಥೆಯು 1948ರಲ್ಲಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡ ಪ್ರಾಂತದ ತಾಡಪತ್ರ ಗ್ರಂಥಗಳ ಸೂಚಿಯನ್ನು ಪ್ರಕಟಿಸಿತು. ಯಾವ ಕಟ್ಟಿನಲ್ಲಿ ಏನಿದೆಯೆಂಬುದು ವಿದ್ವಾಂಸರಿಗೆ ಗೊತ್ತಾಗುವಂತಾಯಿತು. ಇಂದು ಮೂಡಬಿದಿರೆಯಲ್ಲಿ ಶ್ರೀಮತಿ ರಮಾರಾಣಿ ಜೈನ ಶೋಧ ಸಂಸ್ಥಾನವು ಓಲೆಗ್ರಂಥಗಳ ರಕ್ಷಣೆಗಾಗಿಯೇ ಇದೆ.

ಊರವರು ಅಷ್ಟು ಕಟ್ಟುನಿಟ್ಟು ಮಾಡಿದ್ದು ಬರಿಯ ಹಟದಿಂದಲ್ಲ ಎಂಬುದನ್ನೂ ಹೇಳದೆ ಇರಲಾಗದು. 2013ರಲ್ಲಿ ಗುರುಬಸದಿಯಲ್ಲಿ ಕಳವು ನಡೆದು ಬೆಲೆಯುಳ್ಳ ಬಿಂಬಗಳು ಕಾಣೆಯಾದುವು. ಹಲವು ಮರಳಿ ದೊರೆತರೂ ಅಂದು ಊರಿನ ಶ್ರಾವಕರ ಮನೆಗಳಲ್ಲಿ ಅನ್ನ ಬೆಂದರೂ ಉಣ್ಣುವ ಮನಸ್ಸಿರಲಿಲ್ಲ. ಬೀಗಕ್ಕೆ ಒಂದಕ್ಕಿಂತ ಹೆಚ್ಚು ಕೈ ಬೇಕೆಂದು ಹಿಂದಿನವರು ಮಾಡುತ್ತಿದ್ದ ಕಟ್ಟಳೆಗಳಿಗೆ ಅರ್ಥವಿತ್ತು. ಕಲ್ಲನ್ನೂ ಲೋಹವನ್ನೂ ಮುಚ್ಚಿಟ್ಟು ಕಾಯಬೇಕು. ಗ್ರಂಥವನ್ನು ಹಾಗೆ ಕಾಯಲಾಗದು. ಮುಚ್ಚಿಟ್ಟಷ್ಟೂ ಅದನ್ನು ಹುಳು ತಿನ್ನುತ್ತದೆ.

ಓಲೆಯನ್ನು ಉಳಿಸಿಕೊಂಡದ್ದರಿಂದ ಆದ ಪ್ರಯೋಜನವೇನೆಂದು ಕೇಳುವವರಿಗೆ ಒಂದೇ ಪದದ ಉದಾಹರಣೆ ಸಾಕು. ಧವಲಾದ ಮೊದಲ ಸಂಪುಟದಲ್ಲಿ, ಮನುಷ್ಯಸ್ತ್ರೀಯರ ಗುಣಸ್ಥಾನಗಳನ್ನು ಹೇಳುವ 93ನೆಯ ಸೂತ್ರದಲ್ಲಿ ಸಂಪಾದಕರಿಗೆ ಅರ್ಥ ಕೂಡಿಬರಲಿಲ್ಲ. ಸಂಯತ ಎಂಬರ್ಥದ ‘ಸಂಜದ’ ಎಂಬ ಪದವೊಂದು ಇಲ್ಲಿ ಬಿಟ್ಟುಹೋಗಿರಬೇಕೆಂದು ಅವರು ಅಡಿಟಿಪ್ಪಣಿ ಬರೆದರು. ಉತ್ತರದಲ್ಲಿ ಹರಡಿದ್ದ ಪ್ರತಿಗಳಲ್ಲಿ ಆ ಪದವಿರಲಿಲ್ಲ. ಪಂಡಿತರಲ್ಲಿ ದೊಡ್ಡ ವಿವಾದವೇ ಎದ್ದಿತು. ಸಭೆಗಳು ನಡೆದುವು, ಲೇಖನಗಳೂ ಪ್ರತಿಲೇಖನಗಳೂ ಬಂದುವು. ಆ ಮೂರಕ್ಷರಗಳು ಇದ್ದರೆ ಒಂದು ಸಿದ್ಧಾಂತ, ಇಲ್ಲದಿದ್ದರೆ ಇನ್ನೊಂದು ಎಂಬಂತಾಯಿತು. ಆಗ ಮೂಡಬಿದಿರೆಯ ಕಟ್ಟನ್ನು ಬಿಚ್ಚಿ, ಎಂಟುನೂರು ವರ್ಷಗಳ ಹಿಂದಿನ ಆ ಓಲೆಯನ್ನೇ ತೆಗೆದು ನೋಡಿದರು. ಪದವು ಅಲ್ಲಿತ್ತು.